ಹೆಸರು ಕೊಟ್ಟವನ ಕೈಗಳು

ತೊಟ್ಟಿಕ್ಕುತ್ತಿರುವುದು ರಕ್ತವಲ್ಲ, ಮರಗೆಣಸಿನ ರಸ, ತುರಿ ತುಂಬಿದ ಚೀಲ ತೊಲೆಯಿಂದ ನೇತಾಡುತ್ತಿದೆ, ಕೆಳಗೆ ಸೋರೆಬುರುಡೆ ತುಂಬುತ್ತಿದೆ — ರಕ್ತ ಒಳಗಿದೆ, ಜೋಲಿಯಲ್ಲಿ, ನನ್ನ ಗಂಡ ಗುವಾರೆಯನ ಎರಡು ಮೊಂಡುಗೈಗಳಿಗೆ ಸುತ್ತಿದ ಹತ್ತಿಯಲ್ಲಿ, ನಿನ್ನೆಯಿಂದ ನಿಂತಿಲ್ಲ, ಅವನು ಇವತ್ತಿನ ಸಂಜೆ ಕಾಣುವುದಿಲ್ಲ, ನನಗೆ ಗೊತ್ತು, ಅವನಿಗೂ ಗೊತ್ತು, ಬಾಗಿಲಲ್ಲಿ ಕಾಲು ಚಾಚಿ ಕೂತ ಈ ಗಡ್ಡದವನಿಗೂ ಗೊತ್ತು, ಕಡಿದವನೇ ಇವನು, ಕೂತು ಏನೇ, ರೊಟ್ಟಿ ಇನ್ನೂ ಆಗ್ಲಿಲ್ವಾ ಅಂತಾನೆ, ಕತ್ತಿ ಒರೆಸಿದ್ದಾನೆ, ಹಿಡಿಯ ಹತ್ತಿರ ಸರಿಯಾಗಿ ಒರೆಸಿಲ್ಲ. ಇವನ ಹೆಸರು ಒರ್ದೋನ್ಯೊ, ಅಲ್ಲ, ಇವನೂ ಗುವಾರೆಯನೇ, ನನ್ನ ಗಂಡ ತನ್ನ ಹೆಸರು ಕೊಟ್ಟು ಇವನದನ್ನು ತಗೊಂಡ, ಹಡಗು ಬಂದ ವರ್ಷ, ಇದೇ ಅಂಗಳದಲ್ಲಿ, ಹೆಸರು ಬದಲಾಯಿಸಿಕೊಂಡವರು ಒಡಹುಟ್ಟಿದವರಿಗಿಂತ ಹೆಚ್ಚು, ಒಬ್ಬನ ಮೈಗೆ ತಾಗಿದ್ದು ಇನ್ನೊಬ್ಬನಿಗೂ ತಾಗುತ್ತದೆ, ಊರೆಲ್ಲ ಕುಣಿಯಿತು, ನಾನೂ ಕುಣಿದೆ, ದಡ್ಡಿ.

ಗೆಜ್ಜೆ ತುಂಬ ಚಿನ್ನದ ಪುಡಿ ತನ್ನಿ, ತುಂಬದಿದ್ದರೆ ಕೈ ಕಡಿಯುತ್ತೇವೆ ಅಂದರು ಗಡ್ಡದವರು, ಗಿಡುಗದ ಕಾಲಿಗೆ ಕಟ್ಟುವ ಗೆಜ್ಜೆ, ಹೊಳೆಯಲ್ಲಿ ಚಿನ್ನ ಎಲ್ಲಿದೆ, ಮರಳಿದೆ, ಅರ್ಧವೂ ತುಂಬಲಿಲ್ಲ, ಊರವರು ಬೆಟ್ಟ ಹತ್ತಿದರು, ನಡಿ ನಾವೂ ಹೋಗೋಣ ಅಂತ ಕೈ ಹಿಡಿದು ಎಳೆದೆ, ಆಗ ಹಿಡಿಯಲು ಕೈ ಇತ್ತು, ಸುಮ್ನಿರೇ, ಅಲ್ಲಿ ಕತ್ತಿ ಹಿಡಿದು ನಿಂತಿರೋನು ನಾನೇ ಅಲ್ವಾ, ನನ್ನನ್ನ ನಾನೇ ಕಡ್ಕೊಳ್ತೀನಾ ಅಂತ ನಗುತ್ತ ಹೋದ, ಗುವಾರೆಯಾ ಅಂತ ತನ್ನ ಹೆಸರನ್ನೇ ಕೂಗಿದ, ಇವನು ತಿರುಗಿದ, ಗುರುತು ಹಿಡಿದ, ಕೈ ಇಡಲು ದಿಮ್ಮಿ ತೋರಿಸಿದ — ಬಲಗೈ ಒಂದೇ ಏಟಿಗೆ ಹೋಯಿತು, ಎಡಗೈ ಸುಲಭಕ್ಕೆ ಬರಲಿಲ್ಲ, ಮಣ್ಣಲ್ಲಿ ಬೆರಳು ಮಡಚಿ, ಬಿಚ್ಚಿ, ಮಡಚಿ — ಆಮೇಲೆ ಆ ಕೈಗಳಿಗೆ ನಾಯಿಗಳನ್ನು ಬಿಟ್ಟರು.

ರಸ ಕುದಿಸಿದರೆ ಸಾರು, ಕುದಿಸದಿದ್ದರೆ ಸಾವು, ನಮ್ಮ ಮಕ್ಕಳಿಗೂ ಗೊತ್ತು, ಗಡ್ಡದವರಿಗೆ ತಿನ್ನಲು ಗೊತ್ತು, ಮಾಡಲು ಗೊತ್ತಿಲ್ಲ. ರೊಟ್ಟಿ ಬೇಯುವ ತನಕ ಕುಡಿಯಲು ಏನಾದರೂ ಕೊಡು ಅಂತಾನೆ, ಬುರುಡೆ ಎತ್ತುತ್ತೇನೆ, ಇವನು ಕಣ್ಣು ಕಿರಿದು ಮಾಡಿ ಮೊದ್ಲು ನೀನು ಕುಡಿ ಅಂತಾನೆ, ಸಾಯಲು ಹೆದರಿಕೆಯಿಲ್ಲ ನನಗೆ, ಇವನು ಒದ್ದಾಡುವುದನ್ನು ನೋಡದೆ ಸಾಯಲಾರೆ, ಅಷ್ಟು ದ್ವೇಷ, ಹೊಟ್ಟೆಯೆಲ್ಲ ಅದೇ. ಆಗ ಜೋಲಿಯಿಂದ ಗಂಡನ ದನಿ, ತೆಳ್ಳಗೆ, ನನ್ನ ಹೆಸರು ಹಿಡಿದು, ಯಾರಿಬಾ, ಇಲ್ಲಿ ತಾರೇ, ನಾನು ಕುಡೀತೀನಿ, ಬಾರೋ ಗುವಾರೆಯಾ, ಹೆಸರು ಕೊಟ್ಟ ದಿನ ಕುಡಿದ ಹಾಗೆ ಒಂದೇ ಬುರುಡೇಲಿ ಕುಡಿಯೋಣ, ನಂಗೆ ನಿನ್ಮೇಲೆ ಸಿಟ್ಟಿಲ್ಲ — ಹಸಿ ವಾಸನೆ ಅವನ ಮೂಗಿಗೆ ಬಡಿದಿದೆ, ತಿಳಿದೇ ಕರೆಯುತ್ತಿದ್ದಾನೆ, ನನ್ನನ್ನೇ ನೋಡುತ್ತಿದ್ದಾನೆ, ನಾನು ಬೇಡ ಅನ್ನಬೇಕು, ಅನ್ನುವುದಿಲ್ಲ, ಹಿಡಿದುಕೊಳ್ಳಲು ಅವನಿಗೆ ಕೈಯಿಲ್ಲ, ನಾನೇ ತುಟಿಗೆ ಇಡುತ್ತೇನೆ, ನಾನೇ, ಗಂಟಲು ಏರುತ್ತದೆ, ಇಳಿಯುತ್ತದೆ, ಮುಖ ಕಿವುಚುವುದಿಲ್ಲ, ಚೆನ್ನಾಗಿದೆ ಅಂತಾನೆ, ಗಡ್ಡದವನು ನಗುತ್ತಾನೆ, ಕ್ಷಮೆ ಸಿಕ್ಕಿತೆಂದು ನಿಜಕ್ಕೂ ಹಿಗ್ಗುತ್ತಾನೆ, ಕತ್ತಿ ಕೆಳಗಿಟ್ಟು ಕೈ ಚಾಚುತ್ತಾನೆ, ಎರಡೂ ಕೈ, ಬುರುಡೆಯ ಸುತ್ತ ಬೆರಳು, ಉಗುರಲ್ಲಿ ಒಣಗಿದ ರಕ್ತ, ಬೆರಳು ಮಡಚುತ್ತಿವೆ, ಬೆರಳು —