ಹಳೇ ಫೋಟೋದ ಹುಬ್ಬು

ಬಿಳಿ ಬೇಸಿನ್ನಿನ ಅಂಚಿನಲ್ಲಿ ಒಂದು ಕೂದಲು, ಬೇರುಸಮೇತ, ಇಷ್ಟು ಸಣ್ಣದಕ್ಕೆ ಕಣ್ಣಲ್ಲಿ ಇಷ್ಟು ನೀರೇ, ಇಪ್ಪತ್ತೆರಡು ವರ್ಷದಿಂದ ಪಾರ್ಲರಿಗೆ ಬಂದ ಹೆಂಗಸರಿಗೆಲ್ಲ ಏನೂ ನೋವಾಗಲ್ಲ ಒಂದೇ ನಿಮಿಷ ಅಂತ ಸುಳ್ಳು ಹೇಳಿಕೊಂಡು ಬಂದಿದ್ದಾಳಲ್ಲ, ಈಗ ಅನುಭವಿಸಲಿ — ಚಿಮಟ ಒರೆಸಿ ಮತ್ತೆ ಹುಬ್ಬಿಗೆ ಹಿಡಿ, ಹನ್ನೆರಡೂವರೆ, ಒಂದು ಗಂಟೆಗೆ ಅಮ್ಮನನ್ನು ನೋಡಿಕೊಳ್ಳುವ ಆಯಾ ಹೊರಡುತ್ತಾಳೆ, ಅವಳ ಮಗಳ ಹೆರಿಗೆ, ಇನ್ನು ಮೂರು ತಿಂಗಳು ಈ ಕಡೆ ತಲೆ ಹಾಕುವುದಿಲ್ಲ, ಆಮೇಲೆ ಅಮ್ಮನಿಗೆ ಉಣಿಸಲು ಮನೆಯಲ್ಲಿ ಉಳಿಯುವುದು ತಾನೊಬ್ಬಳೇ, ಮತ್ತು ಅಮ್ಮ ತನ್ನ ಕೈಯಿಂದ ಉಣ್ಣುವುದಿಲ್ಲ, ಆಯಾ ಚಮಚ ಹಿಡಿದರೆ ಮಗುವಿನಂತೆ ಬಾಯಿ ತೆರೆಯುವವಳು ಹೆತ್ತ ಮಗಳು ಬಗ್ಗಿದರೆ ಮೊಣಕೈ ಮೇಲೆತ್ತಿ ಮುಖ ಮುಚ್ಚಿಕೊಳ್ಳುತ್ತಾಳೆ. ಡಾಕ್ಟರು ಸಲೀಸಾಗಿ ಹೇಳಿಬಿಟ್ಟರು, ಮರೆವಿನ ಕಾಯಿಲೆಯಲ್ಲಿ ಇದೆಲ್ಲ ಇದ್ದದ್ದೇ, ನಿಮ್ಮ ಕೈಲಾಗದಿದ್ರೆ ವೃದ್ಧಾಶ್ರಮಕ್ಕೆ ಸೇರಿಸಿ, ಊಟ ಮಾಡದಿದ್ರೆ ಅಲ್ಲಿ ಮೂಗಿಗೆ ಪೈಪ್ ಹಾಕ್ತಾರೆ — ಪೈಪು, ಅಮ್ಮನ ಮೂಗಿಗೆ, ಅದನ್ನು ಕಿತ್ತುಕೊಳ್ಳದಂತೆ ಕೈ ಕಟ್ಟುತ್ತಾರಂತೆ, ಆಯಾ ನೋಡಿದ್ದಾಳಂತೆ, ಬೇಡ, ಯೋಚಿಸಬೇಡ, ಮುಂದಿನದು ಕೀಳು.

ಕನ್ನಡಿಯ ಮೂಲೆಗೆ ಸಿಕ್ಕಿಸಿದ ಫೋಟೋದಲ್ಲಿ ಅಮ್ಮನಿಗೆ ಇಪ್ಪತ್ತಾರು, ಹುಬ್ಬೆಂದರೆ ಎರಡು ನೂಲಿನೆಳೆ, ನಡುವೆ ಎತ್ತರಕ್ಕೆ ಏರಿ ಕಿವಿಯ ಕಡೆಗೆ ಉದ್ದಕ್ಕೆ ಇಳಿದದ್ದು, ಆ ಕಾಲದ ಷೋಕಿ, ಮುಕ್ಕಾಲು ಪಾಲು ಕಿತ್ತು ಮಿಕ್ಕದ್ದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು, ಹಾಗೆ ಕಿತ್ತು ಕಿತ್ತು ಎಷ್ಟೋ ಜನಕ್ಕೆ ಆಮೇಲೆ ಹುಬ್ಬೇ ಹುಟ್ಟಲಿಲ್ಲ, ಬೋಳು ಹುಬ್ಬು ಹೊತ್ತು ಪಾರ್ಲರಿಗೆ ಬರುತ್ತಾರೆ, ತನಗೂ ಹಾಗೇ ಆದರೆ, ಆಗಲಿ, ಅಮ್ಮ ಉಂಡರೆ ಸಾಕು. ಬಾಚಣಿಗೆಯ ಬಾಲವನ್ನು ಮೂಗಿನ ಹೊಳ್ಳೆಯ ಪಕ್ಕಕ್ಕೆ ನೆಟ್ಟಗೆ ಇಡು, ಅಲ್ಲಿಂದ ಹುಬ್ಬು ಶುರು, ಓರೆ ಮಾಡಿ ಕಣ್ಣಗುಡ್ಡೆಯ ಅಂಚಿಗೆ ತಾ, ಅಲ್ಲಿ ಏರು, ಇನ್ನಷ್ಟು ಓರೆ ಮಾಡಿ ಕಣ್ಣಿನ ಹೊರತುದಿಗೆ, ಅಲ್ಲಿಗೆ ಮುಗಿಯಿತು, ಕೆಳಗಿನಿಂದ ಕೀಳು, ಬೆಳೆದ ದಿಕ್ಕಿಗೇ ಎಳೆ, ಈ ಕಡೆ ನಾಲ್ಕು ಕಿತ್ತರೆ ಆ ಕಡೆ ನಾಲ್ಕು — ಕಲಿಯಲು ಬಂದ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ್ದಾಳೆ, ತನ್ನ ಹುಬ್ಬಿಗೆ ಮಾತ್ರ ಇವತ್ತಿನವರೆಗೆ ದಾರ ಸೋಕಿಸಿಲ್ಲ, ಊರ ಹುಬ್ಬೆಲ್ಲ ತೀಡ್ತೀರ ನಿಮ್ದನ್ನ ಕಾಡು ಬಿಟ್ಟಿದ್ದೀರಲ್ಲ ಮೇಡಂ ಅಂತ ಗಿರಾಕಿಗಳು ನಗುತ್ತಾರೆ, ನಗಲಿ, ಇದು ಅಪ್ಪನ ಹುಬ್ಬು, ದಪ್ಪ, ಕಪ್ಪು, ಮೂಗಿನ ಮೇಲೆ ಒಂದಕ್ಕೊಂದು ಕೂಡಿಕೊಂಡದ್ದು, ಅಪ್ಪನನ್ನೇ ಎರಕ ಹೊಯ್ದಿದ್ದಾರೆ ನೋಡು ಎಂದು ಅತ್ತೆಯಂದಿರು ಗಲ್ಲ ಹಿಂಡುತ್ತಿದ್ದರು, ಅಪ್ಪನ ಹೆಗಲ ಮೇಲೆ ಕೂತು ಆ ಹುಬ್ಬನ್ನು ಹಿಂದಕ್ಕೂ ಮುಂದಕ್ಕೂ ಸವರಿದರೆ ಅವನು ಕಣ್ಣು ಮುಚ್ಚಿ ನಗುತ್ತಿದ್ದ, ಸತ್ತು ಹನ್ನೊಂದು ವರ್ಷವಾದರೂ ಆ ನಗು ಬೆರಳ ತುದಿಯಲ್ಲಿದೆ.

ಆ ಬೆರಳಲ್ಲೇ ಈಗ ಚಿಮಟ. ಸೋಮವಾರ ಬಟ್ಟಲು ಹಿಡಿದು ಬಗ್ಗಿದಾಗ ಅಮ್ಮ ಕಣ್ಣು ನೋಡಲಿಲ್ಲ, ಕಣ್ಣಿನ ಮೇಲೆ ನೋಡಿದಳು, ಮುಖದ ಬಣ್ಣ ಇಳಿದುಹೋಯಿತು, ಮೊಣಕೈ ಎದ್ದಿತು, ಇನ್ನೊಂದ್ಸಲ ಹಂಗ್ ಮಾಡಲ್ಲ ರೀ, ಹೊಡೀಬೇಡಿ ರೀ — ಈ ಮನೆಯಲ್ಲಿ ಅಮ್ಮ ರೀ ಎಂದು ಕರೆದದ್ದು ಒಬ್ಬನನ್ನೇ, ಇವಳ ಕೈಯ ಬಟ್ಟಲು ನೆಲಕ್ಕೆ. ಮರುದಿನ ತಲೆಸ್ನಾನ ಮಾಡಿ ಟವೆಲನ್ನು ಕಣ್ಣಿನವರೆಗೆ ಸುತ್ತಿಕೊಂಡು ಬಂದವಳ ಕೈಯಿಂದ ಅಮ್ಮ ಅರ್ಧ ಬಟ್ಟಲು ಉಂಡಳು, ಟವೆಲು ಜಾರಿತು, ಮೊಣಕೈ ಎದ್ದಿತು, ಬಾಗಿಲಲ್ಲಿ ನಿಂತಿದ್ದ ಆಯಾ ದನಿ ತಗ್ಗಿಸಿ, ಅವರು ಹೆದರ್ತಿರೋದು ನಿಮ್ಮ ಹುಬ್ಬಿಗೆ ಕಣಮ್ಮ. ಇಲ್ಲ, ಅಪ್ಪ ಹಾಗಲ್ಲ, ಕೆಟ್ಟ ಮೆದುಳು ಏನೇನೋ ಹೆಣೆಯುತ್ತದೆ — ಹಾಗಾದರೆ ಅಮ್ಮನ ಎಡಹುಬ್ಬಿನಲ್ಲಿ ಕೂದಲೇ ಬಾರದ ಆ ಮೂರು ಗೆರೆ? ಬೀರು ಬಾಗಿಲು ತಗುಲಿತು ಪುಟ್ಟಿ ಅಂದಿದ್ದಳು, ಪ್ರತಿ ಬೆಳಿಗ್ಗೆ ಅಪ್ಪ ಏಳುವ ಮುಂಚೆ ಕನ್ನಡಿಯ ಮುಂದೆ ನಿಂತು ಅದರ ಮೇಲೆ ಪೆನ್ಸಿಲು ಎಳೆಯುತ್ತಿದ್ದಳು, ಎಡಗಡೆಯದಕ್ಕೆ ಸರಿಹೊಂದಲಿ ಎಂದು ಬಲಗಡೆಯದನ್ನೂ ನೂಲು ಮಾಡಿಕೊಂಡಳು, ಅಕ್ಕಪಕ್ಕದವರು ಏನ್ ಫ್ಯಾಷನ್ ರೀ ನಿಮ್ದು ಎಂದು ಬೆರಗಾಗುತ್ತಿದ್ದರು, ಅದನ್ನು ನೋಡಿ ನೋಡಿಯೇ ತಾನು ಈ ಕಸುಬಿಗೆ ಬಂದದ್ದು, ಸಾವಿರಾರು ಹುಬ್ಬು ಮುಟ್ಟಿದವಳಿಗೆ ಒಂದೇ ಬೀರು ಬಾಗಿಲು ಒಂದೇ ಹುಬ್ಬಿಗೆ ಮೂರು ಸಲ ತಗುಲುವುದುಂಟೇ ಎಂದು ಕೇಳಬೇಕೆನಿಸಲಿಲ್ಲವಲ್ಲ. ಮತ್ತು ನಿನ್ನೆ, ದೇವರೇ, ನಿನ್ನೆ ಅಮ್ಮ ಮಾತ್ರೆ ಉಗಿದಾಗ ನುಂಗಮ್ಮ ಸಾಕು ಎಂದು ಅರಚಿದ್ದು ಯಾರು, ಬಲಗೈ ತಾನಾಗಿ ಮೇಲೆದ್ದಿತ್ತು, ಹೊಡೆಯಲಿಲ್ಲ, ಹೊಡೆಯುತ್ತಿರಲಿಲ್ಲ, ಆದರೆ ಎದ್ದಿತ್ತು, ಅದೇ ಕ್ಷಣ ಕನ್ನಡಿ ಕಣ್ಣಿಗೆ ಬಿತ್ತು, ಗಂಟಿಕ್ಕಿದ ಆ ಹುಬ್ಬು — ಅಮ್ಮನಿಗೆ ಹೆದರಿಕೆ ಯಾವಾಗಿನದೋ, ತನಗೆ ನಿನ್ನೆಯಿಂದ, ತನ್ನ ಮೇಲೆಯೇ.

ಒಂದು ಗಂಟೆಗೆ ಇನ್ನು ಹತ್ತೇ ನಿಮಿಷ, ಚಿಮಟ ಸಾಲದು, ದಾರ, ಗಂಟು ಹಾಕಿ ಎರಡೂ ಕೈಗೆ ಸುತ್ತು, ನಡುವೆ ಹುರಿ ಮಾಡು, ಸರ್ರನೆ ಎಳೆ, ಮೂಗಿನ ಮೇಲಿನದು ಹೋಯಿತು, ಅಪ್ಪ ಹೋದ, ಮತ್ತೆ ಎಳೆ, ಎಡಗಡೆ ಚರ್ಮ ಸಿಕ್ಕಿ ರಕ್ತ ಜಿನುಗಿತು, ಒರೆಸು, ಪೆನ್ಸಿಲು, ಏರು, ಇಳಿವು, ಕನ್ನಡಿಯಲ್ಲಿ ಯಾರೋ, ಫೋಟೋದವಳ ತಂಗಿಯಂತೆ, ಅಮ್ಮಾ ಟೈಮಾಯ್ತು ಬಸ್ಸು ತಪ್ಪುತ್ತೆ ಎಂದು ಆಯಾ ಕೂಗುತ್ತಾಳೆ, ಬಂದೆ, ಬಂದೆ, ಬಟ್ಟಲು ಎಲ್ಲಿ, ಹಾಸಿಗೆಯ ಪಕ್ಕ ಕೂತು ಚಮಚ ಎತ್ತುತ್ತಾಳೆ, ಏಳಬೇಡ, ಏಳಬೇಡ ಮೊಣಕೈ, ಅಮ್ಮ ನೋಡುತ್ತಾಳೆ, ಮೇಲೆಯೇ ನೋಡುತ್ತಾಳೆ, ಕೈ ಏಳುವುದಿಲ್ಲ, ಬಾಯಿ ತೆರೆಯುತ್ತಾಳೆ, ಒಂದು ತುತ್ತು, ಇನ್ನೊಂದು, ಅಯ್ಯೋ ಅಮ್ಮ ಉಣ್ಣುತ್ತಿದ್ದಾಳೆ, ಮೂರನೆಯದಕ್ಕೆ ತಡೆದು ಹೆಬ್ಬೆರಳು ಚಾಚಿ ಮಗಳ ಎಡಹುಬ್ಬಿನ ಕೆಳಗೆ ಮುಟ್ಟುತ್ತಾಳೆ, ಚುರ್ ಎನ್ನುತ್ತದೆ, ಆಗ ನೆನಪಾಗುತ್ತದೆ, ಪ್ರತಿ ಗಿರಾಕಿಗೂ ಹೇಳುವ ಮಾತು, ಒಂದು ಗಂಟೆ ಯಾರಿಗೂ ಮುಖ ತೋರಿಸ್ಬೇಡಿ, ಕೆಂಪಗೆ ಊದ್ಕೊಂಡಿರುತ್ತೆ, ಇದನ್ನೇ ಮರೆತಳಲ್ಲ, ಅಮ್ಮನ ಹೆಬ್ಬೆರಳು ರಕ್ತದ ಕಲೆಯ ಮೇಲೆ ನಿಂತಿದೆ, ದನಿ ಗೋಡೆಗೂ ಕೇಳಿಸಬಾರದೆಂಬಂತೆ, ನಿಂಗೂ ಹೊಡೆದ್ರಾ? ಹೊರಗೆ ಆಯಾ ಬರ್ತೀನಮ್ಮ ಎಂದು ಮುಂಬಾಗಿಲು ದಢಾರನೆ ಎಳೆದುಕೊಳ್ಳುತ್ತಾಳೆ, ಬಂದ್ರು, ಎನ್ನುತ್ತಾಳೆ ಅಮ್ಮ, ಇವಳ ತಲೆಯನ್ನು ಎದೆಗೆ ಒತ್ತಿಕೊಳ್ಳುತ್ತಾಳೆ, ಬಾಗಿಲ ಕಡೆಗೆ, ಇವಳ ಮುಖಕ್ಕೆ ಅಡ್ಡವಾಗಿ, ಆ ಮೊಣಕೈ ಎತ್ತಿ — ಆ ಮೊಣಕೈ — ಮೊಣಕೈ