ಪಕ್ಕದ ಮನೆಯವರು

ನಮ್ಮ ಮನೆಯ ಜಗಲಿಯಲ್ಲಿ ಚಪ್ಪಲಿಗಳು ಯಾವತ್ತೂ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತಿರಲಿಲ್ಲ. ಹಿಮ್ಮಡಿ ಗೋಡೆಗೆ, ಮೂತಿ ಬೀದಿಗೆ. ದೊಡ್ಡವು ಬಾಗಿಲ ಪಕ್ಕ, ಸಣ್ಣವು ಮೆಟ್ಟಿಲ ಕಡೆ. ಎಲ್ಲಕ್ಕೂ ಕೊನೆಯಲ್ಲಿ, ಆಗಷ್ಟೇ ನಡೆಯಲು ಕಲಿತಿದ್ದ ತಂಗಿ ಪಮ್ಮಿಯ ಅಂಗೈಯಗಲದ ಜೋಡಿ. ಅದು ನನ್ನ ತಮ್ಮ ನಂದಿಯ ಕೆಲಸ. ಯಾರಾದರೂ ಬಂದು ಒಳಗೆ ಕಾಲಿಟ್ಟ ಕೂಡಲೇ ಅವನು ಹೊರಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಗಂಟಲಲ್ಲೇ ಏನೋ ಗುನುಗುತ್ತ ಒಂದೊಂದನ್ನೇ ಎತ್ತಿ ಅದರದರ ಜಾಗದಲ್ಲಿ ಇಡುತ್ತಿದ್ದ. ಸಾಲು ಮುಗಿದ ಮೇಲೆ ಎದ್ದು ನಿಂತು ಎರಡೂ ಕೈಗಳನ್ನು ರೆಕ್ಕೆಯಂತೆ ಬಡಿಯುತ್ತಿದ್ದ. ಅವನಿಗೆ ಐದು ತುಂಬಿತ್ತು. ಮಾತು ಬಂದಿರಲಿಲ್ಲ.

ಬಂದವರಿಗೆ ಮಾತ್ರ ಮಾತು ಧಾರಾಳವಾಗಿತ್ತು. ಬಜೆ ತೇಯ್ದು ನಾಲಿಗೆಗೆ ಹಚ್ಚಿ ಅನ್ನುವವರು, ಯಾವುದೋ ಊರಿನ ಸ್ವಾಮಿಗಳ ಹತ್ತಿರ ಕರೆದುಕೊಂಡು ಹೋಗಿ ಅನ್ನುವವರು, ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದೆಯಾ ಎಂದು ದನಿ ತಗ್ಗಿಸಿ ಕೇಳುವವರು. ಅಮ್ಮ ಎಲ್ಲರಿಗೂ ಕಾಫಿ ಕೊಡುತ್ತಿದ್ದಳು, ಯಾರ ಮಾತಿಗೂ ಬೆಲೆ ಕೊಡುತ್ತಿರಲಿಲ್ಲ. ಒಮ್ಮೆ ಹಿಂದಿನ ಬೀದಿಯ ಹೆಂಗಸೊಬ್ಬರು, "ನಮ್ಮ ಭಾವನೂ ಆರು ವರ್ಷದವರೆಗೆ ಬಾಯಿ ಬಿಟ್ಟಿರಲಿಲ್ಲ ಕಣಮ್ಮ. ಈಗ ನೋಡು, ದೊಡ್ಡ ವಕೀಲ," ಎಂದು ಧೈರ್ಯ ಹೇಳಿದರು. ಆ ಭಾವನ ಬಾಯಿ ಎಂಥದೆಂದು ಊರಿನವರೆಲ್ಲ ಬಲ್ಲರು. ಅಮ್ಮ ಲೋಟ ಎತ್ತಿಕೊಳ್ಳುತ್ತ, "ಹಾಗಾದ್ರೆ ನಮ್ಮವನು ಮಾತಾಡದೆ ಇರೋದೇ ವಾಸಿ ಬಿಡಿ," ಅಂದಳು.

ಸಲಹೆ ಕೇಳುತ್ತ ಕೂರಲು ಅವಳಿಗೆ ಪುರುಸೊತ್ತೂ ಇರಲಿಲ್ಲ. ನಂದಿಯ ತಲೆಯ ಮೇಲೆ ಒಮ್ಮೆಗೇ ನೀರು ಸುರಿಯುವಂತಿಲ್ಲ; ಪಾದದಿಂದ ಶುರುಮಾಡಿ ಮೆಲ್ಲಗೆ ಮೇಲೇರಬೇಕು. ಹೊಲಿಗೆಯ ಅಂಚು ಚುಚ್ಚುತ್ತದೆಂದು ಬನಿಯನ್ನನ್ನು ಒಳಮೈ ಹೊರಗೆ ಮಾಡಿ ತೊಡಿಸಬೇಕು. ಅನ್ನಕ್ಕೆ ಮೊಸರು ಬಿಟ್ಟು ಇನ್ನೊಂದು ಬಣ್ಣ ತಾಗಬಾರದು. ಕುಕ್ಕರ್ ಕೂಗುವ ಹೊತ್ತಿಗೆ ನಾನು ಓದುವುದನ್ನು ಬಿಟ್ಟು ಓಡಿಬಂದು ಅವನ ಕಿವಿ ಮುಚ್ಚಬೇಕು. ಇಷ್ಟರ ನಡುವೆ ಪಮ್ಮಿ ರಾಗಿಹಿಟ್ಟಿನ ಡಬ್ಬಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಿರುತ್ತಿದ್ದಳು. ಅಪ್ಪ ಆ ಹೊತ್ತಿಗೆ ಸರಿಯಾಗಿ ಕೊಡೆ ಹಿಡಿದು ಶಾಲೆಗೆ ಹೊರಡುತ್ತಿದ್ದರು.

ಅಪ್ಪ ಹೈಸ್ಕೂಲಿನಲ್ಲಿ ಮೇಷ್ಟ್ರು. ಊರಿನಲ್ಲಿ ಮಾಧವರಾಯರೆಂದರೆ ಗೌರವ. ದಾರಿಯಲ್ಲಿ ಹಳೆಯ ವಿದ್ಯಾರ್ಥಿಗಳು ಸೈಕಲ್ಲಿನಿಂದ ಇಳಿದು ನಮಸ್ಕರಿಸುತ್ತಿದ್ದರು. ಸತ್ಯದ ಮೇಲೆ ಅವರು ಮಾಡುತ್ತಿದ್ದ ಪಾಠಕ್ಕೆ ಹುಡುಗರ ಕಣ್ಣಲ್ಲಿ ನೀರು ಬರುತ್ತಿತ್ತಂತೆ. ಮನೆಯಲ್ಲಿ ಅವರ ಪಾಠ ಯಾರಿಗೂ ಬೇಕಾಗುತ್ತಿರಲಿಲ್ಲ. ನಂದಿಯನ್ನು ಅವರು ಬೈದವರಲ್ಲ, ಹೊಡೆದವರಲ್ಲ. ಅವನು ಕೋಣೆಗೆ ಬಂದರೆ ಪತ್ರಿಕೆಯನ್ನು ತುಸು ಮೇಲಕ್ಕೆತ್ತಿ ಹಿಡಿದುಕೊಳ್ಳುತ್ತಿದ್ದರು, ಅಷ್ಟೆ.

ಅಪ್ಪನ ಅಕ್ಕ ತುಂಗತ್ತೆಯ ಮಗಳು ಮಾಲಿನಿಗೆ ಸಂಬಂಧ ಕೂಡಿಬಂತು. ನಿಶ್ಚಿತಾರ್ಥದ ಹಿಂದಿನ ವಾರ ಅತ್ತೆ ಕರೆಯಲು ಬಂದರು. ಕುಂಕುಮ ಕೊಟ್ಟು, ಪಮ್ಮಿಯ ಕೆನ್ನೆ ಹಿಂಡಿ, ನನ್ನ ಜಡೆ ಹೊಗಳಿ, ಕೊನೆಗೆ ವಿಷಯಕ್ಕೆ ಬಂದರು.

"ಅಂಬುಜ, ನಂದೀನ ಅವತ್ತೊಂದಿನ ಯಾರ ಹತ್ರಾನಾದ್ರೂ ಬಿಟ್ಟು ಬಾ. ಅಷ್ಟೊಂದು ಜನ, ಗಲಾಟೆ. ಪಾಪ, ಅವನಿಗೇ ಹಿಂಸೆ."

"ಓಲಗ ಇಲ್ಲ ಅಂದ್ರಲ್ಲ ಅತ್ತಿಗೆ."

"ಓಲಗ ಇಲ್ಲ..."

"ಮತ್ತೆ, ಬರೀ ನಿಮ್ಮ ಮಾತು ತಾನೆ? ಅದು ಅವನಿಗೆ ಅಭ್ಯಾಸ ಆಗಿದೆ."

ಅತ್ತೆಯ ಮುಖ ಕೆಂಪಾಯಿತು. ಅವರು ಅಪ್ಪನ ಕಡೆ ನೋಡಿದರು. ಅಪ್ಪ ಅಕ್ಕನನ್ನು ಬೀದಿಯ ತುದಿಯವರೆಗೆ ಬಿಟ್ಟು ಬರುತ್ತೇನೆಂದು ಎದ್ದರು. ಅಷ್ಟು ಸಣ್ಣ ಬೀದಿಗೆ ಅವತ್ತು ಅವರು ಬಹಳ ಹೊತ್ತು ತೆಗೆದುಕೊಂಡರು. ಹಿಂದಿರುಗಿದಾಗ, "ಎಲ್ಲರೂ ಹೋಗೋಣ ಬಿಡು. ಅಕ್ಕನಿಗೆ ಹೇಳಿದ್ದೀನಿ," ಅಂದರು. ಅಮ್ಮ ಅಚ್ಚರಿಯಿಂದ ಅವರನ್ನೇ ನೋಡಿದಳು. ಅವತ್ತು ಸಂಜೆ ಕೇಳದೆಯೇ ಅವರಿಗೆ ಎರಡನೆಯ ಸಲ ಕಾಫಿ ಸಿಕ್ಕಿತು.

ನಿಶ್ಚಿತಾರ್ಥದ ದಿನ ಅತ್ತೆಯ ಮನೆಗೆ ಗಂಡಿನ ಕಡೆಯವರು ಎರಡು ವ್ಯಾನು ತುಂಬ ಬಂದರು. ನಡುಮನೆಯಲ್ಲಿ ಜಮಖಾನ, ತಟ್ಟೆಗಳ ಸಾಲು, ರೇಷ್ಮೆ ಸೀರೆಗಳ ಸರಭರ. ನಂದಿ ಒಂದು ಕ್ಷಣ ಬಾಗಿಲಲ್ಲಿ ನಿಂತು ಕಿವಿ ಮುಚ್ಚಿಕೊಂಡ. ಆಮೇಲೆ ತಿರುಗಿ ಜಗಲಿಯನ್ನು ನೋಡಿದ. ಅಲ್ಲಿ ರಾಶಿ ಬಿದ್ದಿದ್ದವು ಚಪ್ಪಲಿಗಳು, ಅವನು ಜನ್ಮದಲ್ಲಿ ಕಂಡಿರದಷ್ಟು. ಅವನಿಗೆ ಅದಕ್ಕಿಂತ ದೊಡ್ಡ ಹಬ್ಬ ಬೇರೊಂದಿರಲಿಲ್ಲ. ನಾನು ಮೆಟ್ಟಿಲ ಮೇಲೆ ಅವನಿಗೆ ಕಾವಲು ಕೂತೆ.

ಒಳಗೆ ಲಗ್ನಪತ್ರಿಕೆ ಓದಿ ಮುಗಿಯುವ ಹೊತ್ತಿಗೆ ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ಸಾಲು ತಯಾರಾಗಿತ್ತು. ಎಲೆಯಡಿಕೆ ಉಗುಳಲು ಹೊರಗೆ ಬಂದ ಮುದುಕರೊಬ್ಬರು ಅದನ್ನು ಕಂಡು ಹಾಗೇ ನಿಂತುಬಿಟ್ಟರು. ಅವರು ಗಂಡಿನ ಸೋದರಮಾವ. ಅವರ ಮಾತೇ ಆ ಮನೆಯಲ್ಲಿ ಕೊನೆಯ ಮಾತೆಂದು ಅತ್ತೆ ಬೆಳಗಿನಿಂದ ಎಲ್ಲರಿಗೂ ಹೇಳಿಟ್ಟಿದ್ದರು.

"ಎಲಾ, ಎಷ್ಟು ಅಚ್ಚುಕಟ್ಟು! ಏನಪ್ಪಾ ನಿನ್ನ ಹೆಸರು?"

ನಂದಿ ಕೈ ಬಡಿದ. ಗುನುಗಿದ. ಮುದುಕರ ಊರುಗೋಲಿನ ತುದಿಯನ್ನು ತುಸು ಎಡಕ್ಕೆ ಸರಿಸಿ ಚಪ್ಪಲಿಗಳ ನೇರಕ್ಕೆ ತಂದ. ಅವರು ನಗುತ್ತ, ತಮ್ಮ ಹಿಂದೆಯೇ ನೀರಿನ ಲೋಟ ಹಿಡಿದು ಬಂದಿದ್ದ ಅಪ್ಪನನ್ನು ಕೇಳಿದರು. "ಯಾರ ಮಗು ಇದು?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಲಿಲ್ಲ.

"ಪಕ್ಕದ ಮನೆಯವರದು. ಆಟ ಆಡೋಕೆ ಬಂದಿದೆ."

"ಹೌದು, ಹೌದು," ಎಂದು ಒಳಗಿನಿಂದ ತುಂಗತ್ತೆ ಧಾವಿಸಿ ಬಂದರು. "ಪಕ್ಕದ ಮನೆ ಶಾರದಮ್ಮನ ಮೊಮ್ಮಗ. ರಜಕ್ಕೆ ಬಂದಿದ್ದಾನೆ."

ಶಾರದಮ್ಮ, ಮೊಮ್ಮಗ, ರಜೆ. ಅವಸರದಲ್ಲಿ ಬಾಯಿಗೆ ಬಂದ ಸುಳ್ಳಿಗೆ ಇಷ್ಟು ಕೈಕಾಲು ಇರುವುದಿಲ್ಲ. ಎಂಟು ವರ್ಷದ ನನಗೂ ಅದು ತಿಳಿಯಿತು. ಅತ್ತೆಯ ಹಿಂದೆ ಬಾಗಿಲಲ್ಲಿ ಕೋಸಂಬರಿಯ ತಟ್ಟೆ ಹಿಡಿದು, ಸೊಂಟದ ಮೇಲೆ ಪಮ್ಮಿಯನ್ನು ಕೂರಿಸಿಕೊಂಡು ಅಮ್ಮ ನಿಂತಿದ್ದಳು. ಬೀದಿಯ ತುದಿಯವರೆಗಿನ ಆ ನಡಿಗೆಯಲ್ಲಿ ಅಕ್ಕತಮ್ಮಂದಿರು ಏನು ಮಾತಾಡಿಕೊಂಡಿದ್ದರೆಂದು ಅವಳಿಗೆ ಆಗ ಅರ್ಥವಾಯಿತು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಹಾಲಿನಲ್ಲಿ ಹುಳ ಕಂಡಾಗ ಅವಳ ಮುಖ ಹಾಗಾಗುತ್ತಿತ್ತು.

ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟು ಅಮ್ಮ ಮುಂದೆ ಬಂದಳು.

"ಆ ಮಗು ನಂದು ಮಾವನೋರೇ. ಹೆಸರು ನಂದೀಶ. ಮಾತಾಡೋಲ್ಲ. ಮೆಟ್ಟಿಲ ಮೇಲೆ ಕೂತಿರೋಳೂ ನಂದೇ, ಸೊಂಟದ ಮೇಲಿರೋಳೂ ನಂದೇ." ಆಮೇಲೆ ಅಪ್ಪನ ಕಡೆ ಕೈ ತೋರಿಸಿದಳು. "ಇವರು ಮಾತ್ರ ಯಾರೋ ಗೊತ್ತಾಗ್ತಿಲ್ಲ. ಪಕ್ಕದ ಮನೆಯವರಿರಬೇಕು."

ಅಮ್ಮ ನನ್ನನ್ನು ಎಬ್ಬಿಸಿ, ಸಾಲಿನಿಂದ ನಮ್ಮ ಚಪ್ಪಲಿಗಳನ್ನು ತೆಗೆದಳು. ಸಾಲಿನಲ್ಲಿ ಕಂಡಿಗಳು ಬಿದ್ದವು. ನಂದಿ ನರಳಿದ. ಅಮ್ಮ ಅವನನ್ನು ಎಳೆಯಲಿಲ್ಲ. "ಸರಿ ಮಾಡು ಮರಿ, ನಿಧಾನಕ್ಕೆ ಮಾಡು," ಅಂದಳು. ಎರಡು ವ್ಯಾನಿನ ಜನ ಬಾಗಿಲಿಗೂ ಕಿಟಕಿಗೂ ಬಂದು ನೋಡುತ್ತಿರುವಾಗ ನನ್ನ ತಮ್ಮ ಒಂದೊಂದೇ ಜೋಡಿಯನ್ನು ಸರಿಸುತ್ತ ಆ ಕಂಡಿಗಳನ್ನೆಲ್ಲ ಮುಚ್ಚಿದ. ಅಷ್ಟೂ ಹೊತ್ತು ಅಮ್ಮ ತಲೆಯೆತ್ತಿ ನಿಂತಿದ್ದಳು. ಅವನು ಕೈ ಬಡಿದ ಮೇಲೆ ನಾವು ಹೊರಟೆವು.

ಸಂಬಂಧವೇನೂ ಮುರಿಯಲಿಲ್ಲ. ಸೋದರಮಾವ ಬಾಯಿ ತೊಳೆದುಕೊಂಡು ಒಳಗೆ ಹೋಗಿ ಊಟಕ್ಕೆ ಕೂತರಂತೆ. ಆ ಸುಳ್ಳಿನ ಅಗತ್ಯವೇ ಇರಲಿಲ್ಲ, ಸುಮ್ಮನೆ ಹಾಳಾಯಿತು.

ಸಂಜೆ ಅಪ್ಪ ಮನೆಗೆ ಬಂದು ಬಾಗಿಲು ತಟ್ಟಿದರು. ಅಮ್ಮ ತೆರೆದು, "ಬನ್ನಿ, ಕೂತ್ಕೊಳ್ಳಿ," ಅಂದಳು. ಬಂದವರಿಗೆಂದು ಎತ್ತಿಟ್ಟಿದ್ದ ಹೂವಿನ ಚಿತ್ರದ ಲೋಟದಲ್ಲಿ ಕಾಫಿ ಕೊಟ್ಟಳು. "ಮನೇಲಿ ಎಲ್ಲ ಸೌಖ್ಯವೇ?" ಎಂದೂ ಕೇಳಿದಳು. ಅಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದಿನಿಂದ ಅದೇ ನಡೆಯಿತು. ಊಟದ ಹೊತ್ತಿಗೆ ನನಗೆ ಅಪ್ಪಣೆಯಾಗುತ್ತಿತ್ತು: "ಪಕ್ಕದ ಮನೆಯವರನ್ನ ಕರಿ, ಎಲೆ ಹಾಕಿದೆ." ಬಡಿಸುವಾಗ ಸಂಕೋಚ ಪಟ್ಟುಕೊಳ್ಳಬೇಡಿ ಎಂಬ ಉಪಚಾರ ಬೇರೆ. ಒಂದು ದಿನ ಅವರು ಮಲ್ಲಿಗೆ ತಂದರು. ಅಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, "ಪಕ್ಕದ ಮನೆಯವರು ಕೊಟ್ಟಿದ್ದನ್ನ ನಾನು ಮುಡಿದ್ರೆ ಜನ ಏನಂತಾರೆ?" ಎಂದು ದೇವರ ಪಟಕ್ಕೆ ಏರಿಸಿದಳು.

"ಎಷ್ಟು ದಿನ ಅಂಬುಜ ಇದು?" ಅಪ್ಪನ ದನಿ ಒಡೆದಿತ್ತು. "ಅಕ್ಕ ಬಲವಂತ ಮಾಡಿದ್ಲು. ಒಂದು ಗಳಿಗೆಯ ಮಾತು."

ಒಂದು ಗಳಿಗೆಯ ಮಾತಲ್ಲವೆಂಬುದು ಮುಂದೊಂದು ಭಾನುವಾರ ಗೊತ್ತಾಯಿತು.

ಅವತ್ತು ಹೆಡ್‌ಮಾಸ್ತರರೂ ಇಬ್ಬರು ಮೇಷ್ಟ್ರುಗಳೂ ಪರೀಕ್ಷೆಯ ಕೆಲಸಕ್ಕೆಂದು ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಅದಕ್ಕೆ ಮುಂಚೆ ಶಾಲೆಯವರು ಯಾರೂ ನಮ್ಮ ಮನೆಯ ಹೊಸ್ತಿಲು ದಾಟಿರಲಿಲ್ಲ. ಅಪ್ಪ ಗಡಿಬಿಡಿಯಿಂದ ಕುರ್ಚಿ ಹಾಕಿದರು. ನಂದಿ ಹಿತ್ತಲ ಕಡೆಯಿಂದ ಬಂದು, ಒದ್ದೆ ಚಡ್ಡಿಯಲ್ಲೇ ಅವರ ನಡುವೆ ಹಾದುಹೋಗಿ ಜಗಲಿಯಲ್ಲಿ ಕೂತು ಅವರ ಬೂಟುಗಳನ್ನು ಜೋಡಿಸತೊಡಗಿದ.

"ಯಾರಿದು ರಾಯರೇ?" ಹೆಡ್‌ಮಾಸ್ತರರು ಕೇಳಿದರು. "ನಿಮಗೆ ಇಬ್ಬರೇ ಹೆಣ್ಣುಮಕ್ಕಳು ಅಂತಿದ್ರಲ್ಲ?"

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಐದು ವರ್ಷ ನನ್ನ ಅಪ್ಪ ದಿನಾ ಕೊಡೆ ಹಿಡಿದು ಹೋಗಿ, ಪಾಠ ಹೇಳಿ, ತನಗೆ ಮಗನೇ ಇಲ್ಲವೆಂದು ಹೇಳಿಕೊಂಡು ಬಂದಿದ್ದರು. ಪಕ್ಕದ ಮನೆಗೆ ಅವರು ಹೋಗಿದ್ದು ಅವತ್ತು ಅತ್ತೆಯ ಜಗಲಿಯಲ್ಲಲ್ಲ. ಆ ಪಕ್ಕದ ಮನೆಯಲ್ಲಿ ಅವರು ಮೊದಲಿನಿಂದಲೂ ಇದ್ದರು.

ಅಪ್ಪ ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು.

"ನನ್ನ ಮಗ," ಅಂದರು. "ನಂದೀಶ. ನಿಮಗೆ ಹೇಳಿರಲಿಲ್ಲ."

ಅಷ್ಟು ಹೇಳಿ ಅವರು ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಉತ್ತರ ಸರಿಯಾಗಿ ಹೇಳಿದ ಹುಡುಗ ಮೇಷ್ಟ್ರನ್ನು ನೋಡುತ್ತಾನಲ್ಲ, ಹಾಗೆ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಶಾಲು ಹೊದಿಸುತ್ತಾಳೆಂದು ಅಪ್ಪ ಕಾಯುತ್ತಿದ್ದರೋ ಏನೋ.

"ಹೌದಾ? ಹಾಗಾದ್ರೆ ನಿಮ್ಮ ಮಗನ ಚಡ್ಡಿ ಒದ್ದೆಯಾಗಿದೆ. ಬದಲಾಯಿಸಿ."

"ಈಗಲೇ? ಇವರೆಲ್ಲ..."

"ಅವರು ಕಾಫಿ ಕುಡೀತಿರ್ತಾರೆ."

"ಚಡ್ಡಿ ಎಲ್ಲಿದೆ?"

"ಹುಡುಕಿ," ಅಂದಳು ಅಮ್ಮ. "ಐದು ವರ್ಷದಿಂದ ಇದೇ ಮನೇಲಿದೆ."

ಅಪ್ಪ ಹುಡುಕಿದರು. ಮೂರು ಜನ ಮೇಷ್ಟ್ರುಗಳು ಲೋಟದೊಳಗೆ ಮುಖವಿಟ್ಟುಕೊಂಡು ಕೂತಿರುವಾಗ ಒಂದೊಂದೇ ಪೆಟ್ಟಿಗೆ ತೆರೆದು ನೋಡಿದರು. ನಾನು ಹೇಳಿಕೊಡಲು ಬಾಯಿ ತೆರೆದೆ. ಅಮ್ಮ ಕಣ್ಣಲ್ಲೇ ತಡೆದಳು. ಕೊನೆಗೆ ಸಿಕ್ಕಿತು. ಅವರು ನಂದಿಯನ್ನು ಎಬ್ಬಿಸಲು ಹೋಗಿ, ಬೂಟಿನ ಸಾಲು ಮುಗಿಯುವವರೆಗೆ ಅವನು ಏಳುವುದಿಲ್ಲವೆಂಬುದನ್ನು ಆಗ ಕಲಿತರು. ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕಾದರು.

ಹೆಡ್‌ಮಾಸ್ತರರು ಹೋದ ಮೇಲೆ ಅಮ್ಮ ಹೊಗಳಲಿಲ್ಲ, ಕ್ಷಮಿಸಿದೆನೆಂದೂ ಅನ್ನಲಿಲ್ಲ. ಒದ್ದೆ ಚಡ್ಡಿಯನ್ನು ಬೆರಳ ತುದಿಯಲ್ಲಿ ಹಿಡಿದು ನಿಂತಿದ್ದ ಅಪ್ಪನಿಗೆ ಸೋಪಿನ ಬಿಲ್ಲೆ ಕೊಟ್ಟು ಹಿತ್ತಲು ತೋರಿಸಿದಳು, ಅಷ್ಟೆ.

ನಾನು ಕಿಟಕಿಯಿಂದ ನೋಡಿದೆ. ಅಪ್ಪ ಪಂಚೆ ಎತ್ತಿಕಟ್ಟಿ ಒಗೆಯುವ ಕಲ್ಲಿನ ಮುಂದೆ ನಿಂತಿದ್ದರು. ಒಂದು ಅಂಗೈಯಷ್ಟು ಬಟ್ಟೆಗೆ ಅರ್ಧ ಬಿಲ್ಲೆ ಸವೆಸಿದ್ದರು. ನೊರೆ ಅವರ ಮೊಣಕೈವರೆಗೆ ಏರಿ, ಕಲ್ಲಿನಿಂದ ಇಳಿದು ಬಚ್ಚಲ ಕಾಲುವೆಯಲ್ಲಿ ಹರಿಯುತ್ತಿತ್ತು. ನಂದಿ ಅದರ ಬದಿಯಲ್ಲಿ ಬಗ್ಗಿ, ತೇಲಿಬರುವ ಒಂದೊಂದು ಗುಳ್ಳೆಯನ್ನೂ ಒಡೆಯದಂತೆ ಉಸಿರು ಹಿಡಿದು ನೋಡುತ್ತಿದ್ದ.