ಜಗಳಗಂಟಿಯ ಕಾಯಿ

ಕಾಮಸಮುದ್ರದ ಕಡೆಯ ಆ ಊರಿನಲ್ಲಿ ಜಗಳಗಂಟಿ ಮರದ ಒಂದು ಚಕ್ಕೆಯನ್ನೂ ಯಾರೂ ಒಲೆಗಿಡುತ್ತಿರಲಿಲ್ಲ. ದೊರೆಗಳ ಕೈಕೋಲಿನ ಕರಿಮರವಾಗಲಿ, ಬೀಡಿ ಎಲೆಯ ತೂಬರೆಯಾಗಲಿ, ಅದರ ಬಳಗವೇ. ಆದರೆ ಇದೊಂದು ಹೊಸಿಲು ದಾಟಿದರೆ ಮನೆ ಒಡೆಯುತ್ತದೆಂದು ಎಲ್ಲರಿಗೂ ಅಂಜಿಕೆ.

ಹಾಗಾಗಿ ಕದಿರಮ್ಮ ಆ ಮರದ ಕಾಯಿಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದು ಅಂಗಳದಲ್ಲೇ ನಿಂತಳು. ಬಿಸಿಲು ಜೇನಿನ ಬಣ್ಣಕ್ಕೆ ತಿರುಗುವ ಹೊತ್ತು. ಒಳಗೆ ಅವಳ ಗಂಡ ಸೊಣ್ಣಪ್ಪ ಜ್ವರದ ಮಂಪರಿನಲ್ಲಿದ್ದ. ಮೈಸೂರು ಮೈನ್ಸ್ ಚಿನ್ನದ ಗಣಿಯಲ್ಲಿ ಸುತ್ತಿಗೆ ಹಿಡಿಯುವ ಬಲಗೈಯ ಅಂಗೈಯಲ್ಲಿ ಕುರು ಎದ್ದು, ಬೆರಳು ಮಡಿಸಲಾಗುತ್ತಿರಲಿಲ್ಲ. ತಂದ ಮುಲಾಮೆಲ್ಲ ಮುಗಿದರೂ ಕುರು ಇಳಿದಿರಲಿಲ್ಲ. ಸೋಮವಾರ ಗಣಿಗಿಳಿಯದಿದ್ದರೆ ಅವನ ಜಾಗಕ್ಕೆ ಬೇರೊಬ್ಬನೆಂದು ಮೇಸ್ತ್ರಿ ಹೇಳಿ ಕಳಿಸಿದ್ದ.

ಅತ್ತೆ ಅಕ್ಕಯ್ಯಮ್ಮ ಬಾಗಿಲಿಗೆ ಬಂದಳು.

"ಏನೇ ಅದು ಮಡ್ಲಾಗೆ?"

"ಜಗಳಗಂಟಿ ಕಾಯಿ, ಅತ್ತೆ. ಅಂಗೈ ಕುರುವಿಗೆ ನಮ್ಮವ್ವ ಇದ್ನೇ ಅರ್ದು ಕಟ್ತಿದ್ಲು."

"ಬ್ಯಾಡ ಕಣೇ! ಆ ಮರದ್ದೊಂದು ಗೂಟ ಒಳಕ್ಕೆ ಬಂದ ವರ್ಸಾನೇ ನಾನೂ ನಮ್ಮ ವಾರಗಿತ್ತೀನೂ ಬೇರೆ ಆಗಿದ್ದು. ಸಾಯೋಗಂಟ ಅವ್ಳು ನನ್ ಮಕ ನೋಡ್ಲಿಲ್ಲ. ಈಗ ನೀನೂ ಅಂಗೇ ಆದ್ರೆ?"

"ಕೈಯೇ ಓಗ್ಬುಟ್ರೆ ಏನ್ ಮಾಡಾಣ, ಅತ್ತೆ?"

ಒಳಗಿನಿಂದ ಸೊಣ್ಣಪ್ಪ ನರಳುತ್ತಲೇ ಅಂದ: "ಕಾಯಿ ಇನ್ನಾ ಅಂಗಳದಾಗೇ ಐತೆ, ನಿಮ್ಮ ಜಗಳ ಆಗ್ಲೇ ಸುರುವಾಯ್ತಲ್ಲವ್ವಾ!"

ಅಕ್ಕಯ್ಯಮ್ಮ ಒಳಗೆ ಹೋದಳು. ಇನ್ನು ಬಾಗಿಲು ಮುಚ್ಚುತ್ತಾಳೆಂದುಕೊಂಡಳು ಕದಿರಮ್ಮ. ಆದರೆ ಹೊರಗೆ ಒಂದು ಚಾಪೆ ಬಂತು. ಆಮೇಲೆ ಕಂಬಳಿ, ನೀರಿನ ಚೊಂಬು. ಕೊನೆಗೆ ಮಗನನ್ನು ಹೆಗಲಿಗೊರಗಿಸಿಕೊಂಡು ಅವಳೇ ಬಂದಳು.

"ಅದು ಒಳಕ್ಕೆ ಬರ್ಬಾರ್ದು. ನಾವು ಈಚೆಗೆ ಬರ್ಬಾರ್ದು ಅಂತ ಯಾರೂ ಏಳಿಲ್ಲ. ಅರಿ, ಬೇಗ."

ಮೂರು ದಿನ ಆ ಸಂಸಾರವೆಲ್ಲ ಅಂಗಳದ ಹೊಂಗೆಯ ಕೆಳಗೆ ನಡೆಯಿತು. ಮುದ್ದೆಯ ಹಬೆಗೆ ಕಾಯಿಯ ಕಹಿವಾಸನೆ ಬೆರೆಯುತ್ತಿತ್ತು. ಹೊಂಗೆ ಹೂ ಸದ್ದಿಲ್ಲದೆ ಮೂವರ ಮೇಲೂ ಉದುರುತ್ತಿತ್ತು. ನೆಲಕ್ಕೆ ಕಿವಿಯಿಟ್ಟು ಮಲಗಿದ ಸೊಣ್ಣಪ್ಪ, ಭೂಮಿ ಉಸಿರಾಡುವುದು ಕೇಳಿಸುತ್ತದೆ, ಗಣಿಯೊಳಗೂ ಹೀಗೇ ಎನ್ನುತ್ತಿದ್ದ. ಅತ್ತೆ ಸೊಸೆ ಸರದಿಯಲ್ಲಿ ಪಟ್ಟಿ ಬದಲಿಸಿದರು. ಯಾರು ಎಚ್ಚರವಿದ್ದರು, ಯಾರು ಕನಸಿನಲ್ಲಿದ್ದರು ಎಂಬುದೇ ಕದಿರಮ್ಮನಿಗೆ ತಿಳಿಯದಾಯಿತು.

ಭಾನುವಾರ ಕುರು ಒಡೆಯಿತು. ಸೋಮವಾರ ನಸುಕಿನಲ್ಲಿ ಸೊಣ್ಣಪ್ಪ ಮುಷ್ಟಿ ಬಿಗಿದು, ಬಿಚ್ಚಿ ತೋರಿಸಿ, ಗಣಿಯ ದಾರಿ ಹಿಡಿದ.

ಕದಿರಮ್ಮ ಚಾಪೆ ಸುತ್ತಿ ಒಳಗೆ ಹೊರಟಳು.

"ನಿಲ್ಲೇ," ಎಂದಳು ಅಕ್ಕಯ್ಯಮ್ಮ. ಸೊಸೆಯ ಮಡಿಲನ್ನು ಒಂದು ಬೀಜವೂ ಉಳಿಯದಂತೆ ಕೊಡವಿದಳು. ಬಿಸಿನೀರು ಹುಯ್ದು, ಕಾಯಿ ಅರೆದು ಕಪ್ಪುಗಟ್ಟಿದ ಅವಳ ಒಂದೊಂದು ಬೆರಳನ್ನೂ ಸೀಗೆಪುಡಿಯಲ್ಲಿ ಉಜ್ಜಿದಳು. ತನ್ನ ಸೆರಗಿನಲ್ಲೇ ಒರೆಸಿದಳು.

ಆಮೇಲೆ ಆ ಕೈಯನ್ನು ಬಿಡದೆಯೇ ಅವಳೊಂದಿಗೆ ಹೊಸಿಲು ದಾಟಿದಳು.